ಥೋರಕ್ಕ ಎತ್ತದ ಕೈ

ಡನ್ವೆಲ್‌ಗೆ ಶಾಲಾ ಮೇಷ್ಟ್ರಾಗಿ ಬಂದ ಹೊಸದರಲ್ಲಿ ಥೋರಾ ಬಾಸ್ಟಿಯನ್‌ಗೆ ಬಲಗೈ ಸ್ವಾಧೀನದಲ್ಲಿಲ್ಲವೆಂದು ನಾನು ತಿಳಿದಿದ್ದೆ. ತಪ್ಪು ನನ್ನದೊಬ್ಬನದೇ ಅಲ್ಲ, ಊರಿನ ಪದ್ಧತಿಯದೂ ಹೌದು. ನಮ್ಮ ಚರ್ಚಿನಲ್ಲಿ ಯಾರನ್ನು ಯಾವ ಕೆಲಸಕ್ಕೆ ನೇಮಿಸಿದರೂ ಸಭೆಯ ಒಪ್ಪಿಗೆ ಕೇಳುತ್ತಾರೆ. ಬಿಷಪ್ಪರು ಹೆಸರು ಓದಿ, ಸಮ್ಮತಿ ಇರುವವರು ಬಲಗೈ ಎತ್ತಿ ತೋರಿಸಬೇಕು ಎನ್ನುತ್ತಾರೆ. ಇಡೀ ಸಭೆಯ ಬಲಗೈ ಮೇಲೇಳುತ್ತದೆ. ತೂಕಡಿಸುತ್ತಿದ್ದವರದೂ ಏಳುತ್ತದೆ, ಕೆಲವರ ಕೈ ಮಾತ್ರ ಏಳುತ್ತದೆ, ಅವರು ಏಳುವುದಿಲ್ಲ. ಆಮೇಲೆ, ವಿರೋಧವಿರುವವರು ಹಾಗೆಯೇ ತೋರಿಸಬೇಕು ಎಂಬ ಮಾತು ಬರುತ್ತದೆ. ಆ ಮಾತಿಗೂ ಮುಂದಿನ ಮಾತಿಗೂ ನಡುವೆ ಒಂದು ನೊಣ ನುಸುಳುವಷ್ಟೂ ಜಾಗ ಇರುವುದಿಲ್ಲ. ನೂರು ವರ್ಷದಿಂದ ಯಾರೂ ತೋರಿಸಿಲ್ಲವಾದ್ದರಿಂದ ಜಾಗ ಬಿಡುವ ಅಗತ್ಯವೂ ಬಿದ್ದಿಲ್ಲ.

ಇಂಥ ಕೈಗಳ ಕಾಡಿನ ನಡುವೆ ಥೋರಾಳ ಬಲಗೈ ಮಾತ್ರ ಅವಳ ಮಡಿಲಲ್ಲಿ, ಕೈಚೀಲದ ಮೇಲೆ, ಬೆಕ್ಕಿನ ಹಾಗೆ ಮಲಗಿರುತ್ತಿತ್ತು. ನನಗೆ ಮರುಕ ಹುಟ್ಟಿತು. ಅವಳಿಗೆ ಬಾಗಿಲು ತೆರೆದು ಹಿಡಿಯುತ್ತಿದ್ದೆ. ಊಟದ ಕೂಟಗಳಲ್ಲಿ ಅವಳು ತಂದ ಆಲೂಗೆಡ್ಡೆಯ ಭಾರಿ ಪಾತ್ರೆಯನ್ನು ಲಾರಿಯಿಂದ ಇಳಿಸಿ ಒಳಗೆ ಹೊರುತ್ತಿದ್ದೆ. ಅವಳು ಹೊರಿಸುತ್ತಿದ್ದಳು. ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ದಿನ ಮೇವಿನ ಅಂಗಡಿಯ ಮುಂದೆ ಅವಳು ಹಿಂಡಿಯ ಮೂಟೆಗಳನ್ನು ಅದೇ ಬಲಗೈಯಿಂದ ಲಾರಿಗೆ ಬೀಸಿ ಎಸೆಯುತ್ತಿದ್ದುದನ್ನು ಕಂಡೆ. ಗಂಡ ಲವೆಲ್ ಲಾರಿಯೊಳಗೆ ಕೂತು ಸೇಬು ತಿನ್ನುತ್ತಿದ್ದ. ಇದೇನೆಂದು ಅವನನ್ನೇ ಕೇಳಿದೆ.

"ಕೈ ಚೆನ್ನಾಗೇ ಇದೆ ಮೇಷ್ಟ್ರೇ. ತಲೆ ಅಪ್ಪಣೆ ಕೊಡದೆ ಏಳಲ್ಲ, ಅಷ್ಟೆ. ನನ್ನದು ಹಾಗಲ್ಲ, ಒಳ್ಳೇ ಕೈ."

ಹಾಗಾದರೆ ಎರಡು ವರ್ಷ ನನ್ನ ಕೈಲಿ ಯಾಕೆ ಪಾತ್ರೆ ಹೊರಿಸಿದಿರಿ ಎಂದು ಅವಳನ್ನು ಕೇಳಿದ್ದಕ್ಕೆ, ಹೊರುತ್ತೇನೆ ಅಂದವರನ್ನು ಬೇಡ ಅನ್ನುವುದು ಒಳ್ಳೆಯ ನಡತೆಯಲ್ಲ ಎಂದಳು.

ಆಮೇಲೆ ತಿಳಿಯಿತು. ಊರಿಗೆಲ್ಲ ಗೊತ್ತಿದ್ದ ಸಂಗತಿಯೇ ಅದು. ಥೋರಕ್ಕನಿಗೆ ಚರ್ಚಿನ ಮೇಲೆ ಮುನಿಸಿಲ್ಲ, ದೇವರ ಮೇಲೂ ಇಲ್ಲ. ತನಗೆ ಗೊತ್ತಿಲ್ಲದ ವಿಷಯಕ್ಕೆ ಕೈ ಎತ್ತುವುದಿಲ್ಲ, ಅಷ್ಟೆ. ಹೊಸ ಹುಡುಗಿಯೊಬ್ಬಳನ್ನು ಆರ್ಗನ್ ನುಡಿಸಲು ನೇಮಿಸಿದಾಗ, ಅವಳು ನುಡಿಸಿದ್ದನ್ನು ಕೇಳಿದ ಮೇಲೆ ಎತ್ತುತ್ತೇನೆ ಎಂದಿದ್ದಳಂತೆ. ಕೇಳಿದ ಮೇಲೂ ಎತ್ತಲಿಲ್ಲ. ವಿರೋಧಕ್ಕೂ ಎತ್ತುತ್ತಿರಲಿಲ್ಲ, ವಿರೋಧಿಸುವಷ್ಟು ತಿಳಿದಿರುವ ಸಂಗತಿಗಳು ಲೋಕದಲ್ಲಿ ಕಡಿಮೆ ಎಂಬುದು ಅವಳ ಅಭಿಪ್ರಾಯ. ನಮ್ಮೂರಿನಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ, ಜಗಳವಾಡುವಾಗಲೂ. ಹಾಗಾಗಿ ಅವಳನ್ನು "ಥೋರಕ್ಕ, ನಿನ್ನ ಕೈ ಏನು ಹುಂಡಿಯಾ, ಬೀಗ ಹಾಕಿಟ್ಟಿದೀಯ?" ಎಂದು ಹಂಗಿಸುವವರೂ ಅಕ್ಕ ಎಂದೇ ಹಂಗಿಸುತ್ತಿದ್ದರು.

ಅವಳ ಇನ್ನೊಂದು ಗುಣ ಇದಕ್ಕಿಂತ ಸಂಕಟದ್ದು. ಅದು ಅವಳಪ್ಪನ ಕಾಲುವೆಯ ಕಥೆ. ಅವಳಪ್ಪನಿಗೆ ಹಳ್ಳದ ನೀರಿನಲ್ಲಿ ಪಾಲಿತ್ತು, ಆದರೆ ಹೊಲಕ್ಕೆ ತರಲು ಸ್ವಂತ ಕಾಲುವೆ ಇರಲಿಲ್ಲ. ಪಕ್ಕದವನ ಕಾಲುವೆಯಲ್ಲಿ ಹರಿಸಿಕೊಂಡು, ದಾರಿಯಲ್ಲಿ ಇಂಗಿಹೋಗುವ ನಷ್ಟಕ್ಕೆಂದು ಒಂದಿಷ್ಟು ನೀರನ್ನು ಅವನಿಗೆ ಬಿಡುವುದೆಂದು ಒಪ್ಪಂದವಾಯಿತು. ಎಷ್ಟು ಎಂಬುದನ್ನು ಪಕ್ಕದವನು ಕಾಲಕಾಲಕ್ಕೆ ಹೇಳತಕ್ಕದ್ದು. ಅವನು ಹೇಳುತ್ತಾ ಹೋದ. ಕೊನೆಗೆ ಇವರ ತೂಬಿಗೆ ಬಂದು ತಲುಪುತ್ತಿದ್ದುದು ಕಪ್ಪೆ ಮುಳುಗದಷ್ಟು ಕೆಸರು. ಅಪ್ಪ ಹೊಲ ಮಾರಿ ರೈಲು ಹಳಿಯ ಕೂಲಿಗೆ ಹೋದ. ಕಥೆ ಇಷ್ಟೇ. ಆದರೆ ಥೋರಕ್ಕ ಇದನ್ನು ಕೋಳಿ ಮೊಟ್ಟೆಯಿಡದಿದ್ದರೂ ಹೇಳುತ್ತಿದ್ದಳು, ಶಾಲಾ ಬಸ್ಸು ತಡವಾದರೂ ಹೇಳುತ್ತಿದ್ದಳು. ಸಾವಿನ ಮನೆಗೆ ಊಟ ಒಯ್ದಾಗ ಒಮ್ಮೆ ಸತ್ತವನ ವಿಧವೆಗೆ ಹೇಳಿದಳು. ಆಕೆಯ ಅಳು ನಿಂತಿತೆಂದು ಕೆಲವರು ಇದನ್ನು ಪುಣ್ಯದ ಲೆಕ್ಕಕ್ಕೆ ಬರೆದರು.

ಬಾಸ್ಟಿಯನ್ನರ ಮನೆ ಇದ್ದದ್ದು ಮೇಲ್ದಿಣ್ಣೆಯಲ್ಲಿ. ನಮ್ಮೂರು ಎರಡು ಅಂತಸ್ತಿನದು. ಕೆಳಗೆ ಹೊಳೆಬಯಲು: ಅಲ್ಲಿಗೆ ಹಳೆಯ ಕಾಲುವೆಯ ನೀರು ತಾನಾಗಿ ಹರಿದು ಬರುತ್ತದೆ, ಅಲ್ಲಿ ಕರ್ಬೂಜದ ತೋಟ, ಪಾಪ್ಲರ್ ಮರ, ಅಭಿಪ್ರಾಯಗಳು ಎಲ್ಲ ಹುಲುಸಾಗಿ ಬೆಳೆಯುತ್ತವೆ. ಮೇಲೆ ದಿಣ್ಣೆ: ಅಲ್ಲಿಂದ ಗ್ರೀನ್ ಹೊಳೆ ಚೆನ್ನಾಗಿ ಕಾಣುತ್ತದೆ, ಕಾಣುವುದಷ್ಟೇ. ಥೋರಕ್ಕ ಹಸುಗಳಿಗೂ ಮನೆಗೂ ಒಂದು ಪುಟ್ಟ ಮಡಿ ಮೇವಿಗೂ ಲಾರಿಯಲ್ಲಿ ಟ್ಯಾಂಕು ಕಟ್ಟಿಕೊಂಡು ನೀರು ಹೊತ್ತು ಹತ್ತಿಸುತ್ತಿದ್ದಳು. ಅಪ್ಪನ ಹೊಲ ಹೋದ ಮೇಲೆ ಅವಳದೆಂದು ಇದ್ದ ನೆಲ ಇದೊಂದೇ.

ಸಾವಿರದ ಒಂಬೈನೂರ ಅರವತ್ತರ ಹೊತ್ತಿಗೆ ಮೇಲಣ ಕಣಿವೆಯಲ್ಲಿ ಸರ್ಕಾರ ಅಣೆಕಟ್ಟು ಕಟ್ಟಲು ಶುರುಮಾಡಿತು. ಅಣೆಕಟ್ಟಿನ ಕರೆಂಟು ಬಂದು ಹೊಳೆದಂಡೆಯ ಪಂಪನ್ನು ತಿರುಗಿಸಬೇಕು, ಪಂಪು ಹೊಳೆಯ ನೀರನ್ನು ದಿಣ್ಣೆಗೆ ಎತ್ತಬೇಕು ಎಂದು ಯೋಜನೆ. ಅಣೆಕಟ್ಟಿನ ಬಳಿ ಕರೆಂಟು ಅಗ್ಗ. ಅಲ್ಲಿಂದ ಪಂಪಿನವರೆಗೆ ಬರುವ ದಾರಿ ಯಾರದು ಎಂಬುದಷ್ಟೇ ಪ್ರಶ್ನೆ. ಸರ್ಕಾರ ತನ್ನದೇ ಕಂಬ ನೆಟ್ಟು ತನ್ನದೇ ತಂತಿ ಎಳೆಯಬಹುದು. ಇಲ್ಲವೇ, ಕಣಿವೆಯಲ್ಲಿ ಆಗಲೇ ತಂತಿ ಎಳೆದಿದ್ದ ಖಾಸಗಿ ವಿದ್ಯುತ್ ಕಂಪನಿ, ಇರುವ ತಂತಿಯಲ್ಲೇ ಸಾಗಿಸಿಕೊಡುತ್ತೇವೆ, ಸಾಗಣೆ ಬಾಡಿಗೆ ಕೊಡಿ, ಇನ್ನೊಂದು ಸಾಲು ಕಂಬ ನೆಟ್ಟು ಜನರ ತೆರಿಗೆಯನ್ನು ಯಾಕೆ ಹಾಳುಮಾಡುತ್ತೀರಿ ಎನ್ನುತ್ತಿತ್ತು. ಅದರಲ್ಲೂ ನ್ಯಾಯವಿತ್ತು. ಆದರೆ ಬಾಡಿಗೆ ಸೇರುವುದು ಕರೆಂಟಿನ ಬೆಲೆಗೆ, ಕರೆಂಟಿನ ಬೆಲೆ ಸೇರುವುದು ನೀರಿನ ಬೆಲೆಗೆ. ನೀರು ಒಂದು ಮಟ್ಟಕ್ಕಿಂತ ತುಟ್ಟಿಯಾದರೆ ದಿಣ್ಣೆಯ ಮೇವು ಅದನ್ನು ತೀರಿಸಲಾರದು, ದಿಣ್ಣೆಯವರು ಬೀಗ ಹಾಕಿ ಇಳಿಯಬೇಕು.

ಈ ವಿಷಯದಲ್ಲಿ ಊರು ಎರಡಾಯಿತು. ಕ್ಷೌರದಂಗಡಿಯಲ್ಲಿ ಕುರ್ಚಿಯಲ್ಲಿ ಕೂತವರು, ಸರ್ಕಾರ ಇಂದು ತಂತಿ ಎಳೆದರೆ ನಾಳೆ ಹಸುವಿನ ಹಾಲು ಕರೆಯಲೂ ಬರುತ್ತದೆ, ಇದು ಸಮಾಜವಾದ ಎಂದರು. ಕಾಯುವ ಬೆಂಚಿನವರು, ಕಂಪನಿ ಎಂದರೆ ಕತ್ತಿಗೆ ಬಿದ್ದ ಉರುಳು ಎಂದರು. ಈ ಎರಡೂ ಪಕ್ಷದಲ್ಲಿ ಅತಿ ಜೋರಾಗಿ ಮಾತಾಡುತ್ತಿದ್ದವರೆಲ್ಲ ಹೊಳೆಬಯಲಿನವರು. ಅವರ ಹೊಲಕ್ಕೆ ಪಂಪಿನ ನೀರು ಬೇಕಿರಲಿಲ್ಲವಾದ್ದರಿಂದ ಅವರಿಗೆ ತತ್ವಕ್ಕೆ ಬಿಡುವಿತ್ತು. ದಿಣ್ಣೆಯವರು ಹೆಚ್ಚಾಗಿ ನೀರು ಹೊರುತ್ತಿದ್ದರು.

ನಿರ್ಧಾರ ವಾಷಿಂಗ್ಟನ್ನಿನದು. ಆದರೆ ಸ್ಥಳೀಯರ ಅಭಿಪ್ರಾಯ ಬೇಕೆಂದು ಮೇಲಿನವರು ಕೇಳಿದ್ದರು. ಸ್ಥಳೀಯರು ಎಂದರೆ ನಮ್ಮ ವಿದ್ಯುತ್ ಸಹಕಾರ ಸಂಘ. ಸಂಘ ಎಂದರೆ ಅದರ ಅಧ್ಯಕ್ಷ ಆಲ್ಮಾ ಟಿಂಗಿ. ಟಿಂಗಿಯವರು ವಾರವೆಲ್ಲ ಮೊಳೆ ಸುತ್ತಿಗೆ ಮಾರುವ ಅಂಗಡಿಯ ಸಾಹುಕಾರರು, ಭಾನುವಾರ, ಸಂಬಳದ ಪಾದ್ರಿಗಳಿಲ್ಲದ ನಮ್ಮ ಚರ್ಚಿನ ಬಿಷಪ್ಪರು, ವರ್ಷಕ್ಕೊಂದು ಸಂಜೆ ಸಂಘದ ಅಧ್ಯಕ್ಷರು. ಟೋಪಿ ಮೂರು, ಕಂಠ ಒಂದೇ. ಎರಡಿಂಚಿನ ಮೊಳೆ ಮುಗಿದಿದೆ ಎಂದು ಅವರು ಹೇಳಿದರೂ ಕೇಳಿದವರು ತಲೆ ತಗ್ಗಿಸಿ ಆಮೆನ್ ಎನ್ನಬೇಕು, ಅಂಥ ಕಂಠ. ಕೆಟ್ಟ ಮನುಷ್ಯರಲ್ಲ. ತಮ್ಮ ಊರು ಕಚ್ಚಾಡಬಾರದು ಎಂಬುದು ಅವರ ದೊಡ್ಡ ಆಸೆ. ತಾವು ಹೇಳಿದ್ದಕ್ಕೆ ಎಲ್ಲರೂ ಒಪ್ಪುವುದೇ ಅದಕ್ಕೆ ಸುಲಭದ ಉಪಾಯವೆಂದು ಅವರ ನಂಬಿಕೆ.

ಅರವತ್ತೊಂದರ ವಸಂತದಲ್ಲಿ ಸಂಘದ ವಾರ್ಷಿಕ ಸಭೆ ಚರ್ಚಿನ ಪಕ್ಕದ ಆಟದ ಹಾಲ್‌ನಲ್ಲಿ ಸೇರಿತು. ಸಭೆಗೆ ಜನ ಬರಲೆಂದು ಊಟ, ಊಟವಾದವರು ಎದ್ದು ಹೋಗದಿರಲೆಂದು ಕೊನೆಯಲ್ಲಿ ಚೀಟಿ ಎತ್ತಿ ಬಹುಮಾನ. ಇದು ಸಂಘದ ನಡಾವಳಿ. ಆ ವರ್ಷದ ಬಹುಮಾನ ಕರೆಂಟಿನ ಬಾಣಲೆ. ಅದನ್ನು ಎಲ್ಲರಿಗೂ ಕಾಣುವಂತೆ ವೇದಿಕೆಯ ಮೇಲೆ ಬಿಷಪ್ಪರ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಇನ್ನೊಂದು ಪಕ್ಕದಲ್ಲಿ ಕಂಪನಿಯ ಕ್ರೇಟನ್ ಸಾಹೇಬರು. ಸರ್ಕಾರದ ಕಡೆಯಿಂದಲೂ ಒಬ್ಬ ಬರಬೇಕಿತ್ತು. ಅವನ ಪ್ರಯಾಣಭತ್ಯೆ ಮಂಜೂರಾಗಲಿಲ್ಲವೆಂದು ಆಮೇಲೆ ಪತ್ರ ಬಂತು.

ಉಪ್ಪುಹಾಕಿದ ಹಂದಿ ಮಾಂಸ, ಚೀಸು ಹಾಕಿದ ಆಲೂಗೆಡ್ಡೆ, ಕ್ಯಾರೆಟ್ ತುರಿ ಬೆರೆಸಿದ ಹಸಿರು ಜೆಲ್ಲಿ ಎಲ್ಲ ಮುಗಿದ ಮೇಲೆ ಕ್ರೇಟನ್ ಸಾಹೇಬರು ಎದ್ದು, ನಕ್ಷೆಯ ಮೇಲೆ ಕೋಲು ಓಡಿಸಿ ಮುಕ್ಕಾಲು ಗಂಟೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಹೊಟ್ಟೆ ತುಂಬಿದವರಿಗೆ ಅವರ ದನಿ ಕಂಬಳಿಯ ಹಾಗಿತ್ತು. ಅವರು ಕೂತ ಮೇಲೆ ಬಿಷಪ್ಪರು ಎದ್ದು, ಅಡುಗೆಮಾಡಿ ಬಡಿಸಿದ ಅಕ್ಕಂದಿರಿಗೆ ಹೃತ್ಪೂರ್ವಕ ವಂದನೆ ಹೇಳಿ, ಅದೇ ಉಸಿರಿನಲ್ಲಿ ಒಂದು ನಿರ್ಣಯ ಓದಿದರು: ಅಣೆಕಟ್ಟಿನ ವಿದ್ಯುತ್ತನ್ನು ಕಂಪನಿಯ ತಂತಿಗಳ ಮೂಲಕ, ಕಂಪನಿಯು ಕಾಲಕಾಲಕ್ಕೆ ನಿಗದಿಪಡಿಸುವ ಸಾಗಣೆ ದರಕ್ಕೆ ಒಳಪಟ್ಟು ತರಿಸಿಕೊಳ್ಳಲು ಈ ಸಭೆ ಒಪ್ಪುತ್ತದೆ; ಸರ್ಕಾರವು ಬೇರೆ ತಂತಿ ಹಾಕುವ ಅಗತ್ಯವಿಲ್ಲವೆಂದು ತಿಳಿಸುತ್ತದೆ. ಓದಿದ ಮೇಲೆ, ಭಾನುವಾರದ ಕಂಠದಲ್ಲಿ, ಸಮ್ಮತಿ ಇರುವವರು ಬಲಗೈ ಎತ್ತಿ ತೋರಿಸಬೇಕು ಎಂದರು.

ಕೈಗಳು ಎದ್ದವು. ಹೊಳೆಬಯಲಿನ ಕೈಗಳು ಎದ್ದವು. ಕ್ಷೌರದಂಗಡಿಯ ಬೆಂಚಿನಲ್ಲಿ ಕಂಪನಿಯನ್ನು ಉರುಳು ಎಂದವರ ಕೈಗಳೂ ಎದ್ದವು. ದಿಣ್ಣೆಯವರ ಕೈಗಳು ಎದ್ದವು. ಲವೆಲ್ ಬಲಗೈಯಲ್ಲಿದ್ದ ಬನ್ನನ್ನು ಎಡಗೈಗೆ ವರ್ಗಾಯಿಸಿ ಎತ್ತಿದ. ನನ್ನದೂ ಎದ್ದಿತ್ತು ಎಂಬುದು ನನಗೆ ಗೊತ್ತಾದದ್ದು ತೋಳು ನೋಯತೊಡಗಿದಾಗ. ವಿರೋಧವಿರುವವರು ಹಾಗೆಯೇ ಎನ್ನುತ್ತ ಬಿಷಪ್ಪರು ಆಗಲೇ ಬಹುಮಾನದ ಚೀಟಿಗಳ ಡಬ್ಬಿಗೆ ಕೈ ಹಾಕಿದ್ದರು.

"ಒಂದ್ನಿಮಿಷ, ಟಿಂಗಿ ಅಣ್ಣ."

ಥೋರಕ್ಕ ಎದ್ದು ನಿಂತಿದ್ದಳು. ಬಿಷಪ್ಪರ ಕೈ ಡಬ್ಬಿಯೊಳಗೇ ಉಳಿಯಿತು. ವಿರೋಧ ಬಂದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ವಿರೋಧಾನಾ, ಥೋರಕ್ಕ?" ಎಂದು ಕೇಳಿದರು, ಕಾಯಿಲೆಯವರನ್ನು ಕೇಳುವ ಹಾಗೆ.

"ಗೊತ್ತಿಲ್ಲ. ಕಾಲಕಾಲಕ್ಕೆ ಅಂತ ಓದಿದ್ರಲ್ಲ. ಅದು ಯಾರ ಕಾಲ?"

ಕ್ರೇಟನ್ ಸಾಹೇಬರು ಮುಗುಳ್ನಕ್ಕು, ಅದು ಎಲ್ಲ ಒಪ್ಪಂದಗಳಲ್ಲೂ ಇರುವ ಮಾಮೂಲಿ ಮಾತು ಎಂದು ವಿವರಿಸಿದರು.

"ನಮ್ಮಪ್ಪನ ಒಪ್ಪಂದದಲ್ಲೂ ಇತ್ತು," ಎಂದಳು ಥೋರಕ್ಕ.

ಸಭೆಯೆಲ್ಲ ಒಂದೇ ಸಲ ನರಳಿತು. "ಬಂತಪ್ಪಾ ಕಾಲುವೆ," ಎಂದು ಹಿಂದಿನಿಂದ ಯಾರೋ ಅಂದರು. "ಯಾರಾದ್ರೂ ಕಟ್ಟೆ ಹಾಕ್ರೋ, ಬಾಣಲೆ ಕೊಚ್ಕೊಂಡು ಹೋಗುತ್ತೆ," ಎಂದು ಇನ್ನೊಬ್ಬರು. ನಗೆ ಎದ್ದಿತು. ಅವಳು ನಗೆ ಮುಗಿಯುವವರೆಗೆ ಕಾದು, ಕಥೆಯನ್ನು ಮೊದಲಿಂದ ಕೊನೆಯವರೆಗೆ, ಕಪ್ಪೆಯನ್ನೂ ಬಿಡದೆ, ಹೇಳಿದಳು. ಕ್ರೇಟನ್ ಸಾಹೇಬರೊಬ್ಬರೇ ಅದನ್ನು ಮೊದಲ ಬಾರಿ ಕೇಳುತ್ತಿದ್ದವರು, ಆದ್ದರಿಂದ ಅವರೊಬ್ಬರೇ ಕೇಳಿಸಿಕೊಂಡರು. ಕೇಳಿಸಿಕೊಂಡು, ವಿದ್ಯುತ್ತು ಎಂಬುದು ನೀರಲ್ಲ, ಅದು ಕೆಸರಾಗುವುದಿಲ್ಲ, ಅದಕ್ಕೆ ತೂಬಿಲ್ಲ, ಕಪ್ಪೆಯಂತೂ ಇಲ್ಲವೇ ಇಲ್ಲ ಎಂದು ಮತ್ತೆ ಕೋಲು ಹಿಡಿದು ಹತ್ತು ನಿಮಿಷ ತಿಳಿಸಿಹೇಳಿದರು.

"ನೀರಲ್ಲ ಅಂತ ನನಗೂ ಗೊತ್ತು ಸ್ವಾಮಿ," ಎಂದಳು ಅವಳು. "ಪಕ್ಕದವನ ಕಾಲುವೆ ಪಕ್ಕದವನ ಕಾಲುವೇನೇ, ಅದರಲ್ಲಿ ಹಾಲು ಹರಿದರೂನೂ."

ಅವಳಿಗೆ ವಿದ್ಯುತ್ತಿನ ವಿಷಯ ಏನೂ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹೊಳೆಯಿಂದ ಬಂದ ಕರೆಂಟು ತಣ್ಣಗಿರುತ್ತದೆ, ಕಂಪನಿಯ ಕಲ್ಲಿದ್ದಲಿನದು ಬಿಸಿ, ಎರಡನ್ನೂ ಒಂದೇ ತಂತಿಯಲ್ಲಿ ಬಿಟ್ಟರೆ ಪಂಪು ಕೆಡುತ್ತದೆ ಎಂಬ ಭಯವನ್ನೂ ಆ ಸಂಜೆ ಅವಳು ಸಭೆಯ ಮುಂದಿಟ್ಟಳು. ಕ್ರೇಟನ್ ಸಾಹೇಬರು ಅದಕ್ಕೆ ಉತ್ತರ ಹುಡುಕುತ್ತಿರುವಾಗ ಅವಳು ಗಂಡನ ಕಡೆಗೆ ತಿರುಗಿದಳು.

"ಲವೆಲ್, ನೀನು ಯಾವುದಕ್ಕೆ ಕೈ ಎತ್ತಿದೆ?"

ಲವೆಲ್ ಎಡಗೈಯ ಬನ್ನನ್ನು ನೋಡಿಕೊಂಡ. "ಊಟಕ್ಕೆ," ಎಂದ. "ಅಡುಗೆಯವರಿಗೆ ವಂದನೆ ಅಂದರಲ್ಲ."

ಪಕ್ಕದ ಮೇಜಿನ ದಿಣ್ಣೆಯವನೊಬ್ಬ, ತಾನೂ ಹಾಗೇ ತಿಳಿದೆ ಎಂದ. ಅವನ ಪಕ್ಕದವನು, ಬಾಣಲೆಯ ಚೀಟಿಗೆ ಎಂದುಕೊಂಡೆ ಎಂದ. ಇನ್ನೊಬ್ಬ, ಬಿಷಪ್ಪರು ಕೇಳಿದರು, ಎತ್ತಿದೆ, ಯಾವುದಕ್ಕೆ ಎಂದು ಕೇಳುವುದು ಮರ್ಯಾದೆಯೇ ಎಂದ.

"ನೋಡಿ," ಎಂದಳು ಥೋರಕ್ಕ. ದನಿ ಏರಿರಲಿಲ್ಲ. "ಇವರೆಲ್ಲ ದಿಣ್ಣೆಯವರು. ನೀರು ತುಟ್ಟಿಯಾದರೆ ಮೊದಲು ಗಂಟುಮೂಟೆ ಕಟ್ಟೋರು ಇವರೇ. ಊಟ ಚೆನ್ನಾಗಿತ್ತು ಅಂತ ಊರು ಬಿಡೋಕೆ ಕೈ ಎತ್ತಿದಾರೆ."

ಬಿಷಪ್ಪರು ಡಬ್ಬಿಯಿಂದ ಕೈ ಹೊರಗೆ ತೆಗೆದರು. ಅವರ ಮುಖದಲ್ಲಿ ಭಾನುವಾರ ಇಳಿದು ಅಂಗಡಿಯ ಮಂಗಳವಾರ ಬಂದದ್ದನ್ನು ನಾನು ಕಂಡೆ. ಸಾಲ ಕೇಳಲು ಬಂದ ಗಿರಾಕಿಯನ್ನು ನೋಡುವ ಹಾಗೆ ಕ್ರೇಟನ್ ಸಾಹೇಬರನ್ನು ನೋಡಿ, ಕಾಲಕಾಲಕ್ಕೆ ಎಂಬುದನ್ನು ಹೊಡೆದುಹಾಕಿ ಅಲ್ಲಿ ಇಂತಿಷ್ಟು ಎಂದು ಬರೆಯಬಹುದೇ ಎಂದು ಕೇಳಿದರು. ಸಾಹೇಬರು, ಅದನ್ನು ಮುಖ್ಯ ಕಚೇರಿಯವರನ್ನು ಕೇಳಬೇಕಾಗುತ್ತದೆ ಎಂದರು.

"ಕೇಳಿ ಬನ್ನಿ. ಅಲ್ಲೀವರೆಗೆ ಎಲ್ಲರೂ ಕೈ ಇಳಿಸ್ಕೊಳ್ರಪ್ಪ, ರಕ್ತ ಇಳಿದುಹೋಗುತ್ತೆ," ಎಂದು ಥೋರಕ್ಕ ಕೂತಳು.

ಬಾಣಲೆ ಹೊಳೆಬಯಲಿನ ಒಬ್ಬ ಬ್ರಹ್ಮಚಾರಿಗೆ ಹೋಯಿತು.

ಮುಖ್ಯ ಕಚೇರಿಯ ಉತ್ತರ ಬೇಸಿಗೆಯಲ್ಲಿ ಬಂತು. ಅದರಲ್ಲಿ ಕಾಲಕಾಲಕ್ಕೆ ಎಂಬುದನ್ನು ತೆಗೆದು, ಸಂದರ್ಭಾನುಸಾರ ಎಂದು ಸೇರಿಸಿದ್ದರು. ಎರಡನೆಯ ಸಭೆ ಕರೆದರು. ಬಿಷಪ್ಪರು ಬುದ್ಧಿವಂತರು, ಈ ಸಲ ಊಟ ಇಡಲಿಲ್ಲ. ಒಪ್ಪಿದವರು ಎಡಗೋಡೆಗೆ, ಒಪ್ಪದವರು ಬಲಗೋಡೆಗೆ ಹೋಗಿ ನಿಲ್ಲಬೇಕೆಂದು ಗೊತ್ತುಮಾಡಿದರು. ಬಹಳ ಹೊತ್ತು ಎಲ್ಲರೂ ನಡುವೆ ನಿಂತು ಬೇರೆಯವರು ಎತ್ತ ಹೋಗುತ್ತಾರೆಂದು ನೋಡಿದರು. ಥೋರಕ್ಕ ಮೊದಲಿಗಳಾಗಿ ಬಲಗೋಡೆಗೆ ಹೋಗಿ ಒರಗಿ ನಿಂತಳು. ದಿಣ್ಣೆಯವರು ಒಬ್ಬೊಬ್ಬರಾಗಿ ಅವಳ ಕಡೆ ಬಂದರು. ಲವೆಲ್ ಎಲ್ಲರಿಗಿಂತ ಕೊನೆಗೆ ಬಂದ. ಎಡಗೋಡೆಯ ಹತ್ತಿರ ಕುರ್ಚಿ ಇತ್ತೆಂದು ಆಮೇಲೆ ಕಾರಣ ಹೇಳಿದ. ಹೊಳೆಬಯಲಿನವರು ಸರಿಸುಮಾರು ಅರ್ಧಕ್ಕರ್ಧ ಹಂಚಿಹೋದರು. ಬಲಗೋಡೆ ತುಸು ಹೆಚ್ಚು ತುಂಬಿತು. ಸರ್ಕಾರದ ತಂತಿಯೇ ಬೇಕೆಂದು ನಿರ್ಣಯ ವಾಷಿಂಗ್ಟನ್ನಿಗೆ ಹೋಯಿತು.

ಅಲ್ಲಿ ಅದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ದೊಡ್ಡವರು ತಮ್ಮತಮ್ಮಲ್ಲೇ ಹೊಡೆದಾಡಿ, ಕೊನೆಗೆ ಕೆಲವು ಕಡೆ ಸರ್ಕಾರದ ತಂತಿ, ಕೆಲವು ಕಡೆ ಕಂಪನಿಯ ತಂತಿ ಎಂದು ಹಂಚಿಕೊಂಡರು. ಡನ್ವೆಲ್ ಸರ್ಕಾರದ ಪಾಲಿಗೆ ಬಂತು. ಇದು ತಮ್ಮ ಮುಂದಾಳುತನದ ಫಲವೆಂದು ಬಿಷಪ್ಪರು ಇಂದಿಗೂ ಪ್ರಾಮಾಣಿಕವಾಗಿ ನಂಬಿದ್ದಾರೆ, ವರ್ಷಕ್ಕೊಮ್ಮೆ ಉಪದೇಶದಲ್ಲಿ ಹೇಳುತ್ತಾರೆ. ಕಂಪನಿಯ ಪಾಲಿಗೆ ಹೋದ ಊರುಗಳಲ್ಲೂ ಆಕಾಶ ಕಳಚಿ ಬೀಳಲಿಲ್ಲ. ಬಾಡಿಗೆ ಮಾತ್ರ ಕಾಲಕಾಲಕ್ಕೆ ಏರಿತೆಂದು ಕೇಳಿದ್ದೇನೆ. ಕ್ರೇಟನ್ ಸಾಹೇಬರಿಗೆ ಬಡ್ತಿ ಸಿಕ್ಕಿತು.

ಸರ್ಕಾರ ಸರ್ಕಾರದ ನಡಿಗೆಯಲ್ಲೇ ಬಂತು. ಒಬ್ಬ ಬಂದು ಗೂಟ ನೆಟ್ಟ. ಮರುವರ್ಷ ಇನ್ನೊಬ್ಬ ಬಂದು ಗೂಟ ಕಿತ್ತ. ಇಷ್ಟರಲ್ಲಿ ದಿಣ್ಣೆಯ ಎರಡು ಮನೆಯವರು ನೀರು ಹೊತ್ತು ಸಾಕಾಗಿ, ಬಲಗೋಡೆಗೆ ಒರಗಿ ನಿಂತವರೇ, ಬೀಗ ಹಾಕಿಕೊಂಡು ಇಳಿದುಹೋದರು. ಥೋರಕ್ಕ ಹೊರುತ್ತಲೇ ಇದ್ದಳು. ನಿನ್ನ ಸರ್ಕಾರ ಎಲ್ಲಿಗೆ ಬಂತು ಥೋರಕ್ಕ ಎಂದು ಕ್ಷೌರದಂಗಡಿಯವರು ಕೇಳಿದರೆ, ಗೂಟಕ್ಕೆ ಬಂತು ಎನ್ನುತ್ತಿದ್ದಳು. ಕೊನೆಗೆ ತಂತಿ ಹೊರುವ ಉಕ್ಕಿನ ಗೋಪುರಗಳು ಬಂದವು. ಅವುಗಳಲ್ಲೊಂದು, ದಿಣ್ಣೆಯಲ್ಲಿ ಅಷ್ಟು ಬಯಲಿದ್ದರೂ, ಅವಳ ಮೇವಿನ ಮಡಿಯ ನಟ್ಟನಡುವೆಯೇ ಕಾಲೂರಿತು. ಅವಳು ಸರ್ವೆಯವನಿಗೆ ಏನೆಂದಳೋ, ಅವನು ಆ ದಿನ ಊಟಕ್ಕೆ ಊರಿನಲ್ಲಿ ನಿಲ್ಲಲಿಲ್ಲ.

ಪಂಪು ತಿರುಗಿಸಿದ ದಿನ ಹೊಳೆದಂಡೆಯಲ್ಲಿ ಶಾಮಿಯಾನ, ಬ್ಯಾಂಡು, ರಿಬ್ಬನ್ನು. ನಾಲ್ವರು ದೊಡ್ಡವರು ಮಾತಾಡಿದರು; ಪ್ರತಿಯೊಬ್ಬರೂ ಈ ಹೊಳೆಯನ್ನು ತಾವೇ ಕಂಡುಹಿಡಿದ ಹಾಗೆ ಮಾತಾಡಿದರು. ಬಿಷಪ್ಪರು ಐದನೆಯವರು. ಥೋರಕ್ಕ ಶಾಮಿಯಾನಕ್ಕೆ ಬಂದಿರಲಿಲ್ಲ. ದಿಣ್ಣೆಯ ಮೇಲೆ ತನ್ನ ತೂಬಿನ ಪಕ್ಕದಲ್ಲಿ ಸಲಿಕೆ ಹಿಡಿದು ನಿಂತಿದ್ದಳು. ನೀರಿನ ಮೊದಲ ಸರದಿ ಅವಳದು. ಭಾಷಣ ನನಗೂ ಸಾಕಾಗಿತ್ತು. ಸಾಲ್ಟ್‌ಲೇಕಿನ ಪತ್ರಿಕೆಯ ವರದಿಗಾರನೊಬ್ಬನಿಗೆ, ಅಂದು ಎದ್ದು ನಿಂತ ಹೆಂಗಸನ್ನು ನೋಡಬೇಕೆಂದು ಆಸೆಯಿತ್ತು. ಅವನನ್ನು ಕರೆದುಕೊಂಡು ಹತ್ತಿ ಹೋದೆ. ದಾರಿಯುದ್ದಕ್ಕೂ ಅವನು ಸಾರ್ವಜನಿಕ ಶಕ್ತಿ, ಖಾಸಗಿ ಶಕ್ತಿ, ಪ್ರಜಾಪ್ರಭುತ್ವ ಎಂದೆಲ್ಲ ಹೇಳಿದ. ಅವನ ಬೂಟು ಹೊಸದು.

ನಾವು ತಲುಪುವ ಹೊತ್ತಿಗೆ ದಿಣ್ಣೆಯ ಹೊಸ ಕಾಲುವೆಯಲ್ಲಿ ನೀರು ಬರುತ್ತಿತ್ತು. ಮೊದಲ ನೀರು ನೋಡಲು ಚೆಂದವೇನಲ್ಲ. ಮುಂದೆ ಒಣಹುಲ್ಲು, ನೊರೆ, ಸತ್ತ ಜೀರುಂಡೆಗಳು. ಹಿಂದೆ ಕಂದು ನೀರು. ತಡೆದು ತಡೆದು, ನೆಲವನ್ನು ಮೂಸಿ ನೋಡುತ್ತ ಬರುವ ನಾಯಿಯ ಹಾಗೆ ಬಂತು. ಥೋರಕ್ಕ ಅದರ ಪಕ್ಕದಲ್ಲೇ ಸಲಿಕೆಯಿಂದ ಕಸ ಎತ್ತಿ ಬಿಸಾಡುತ್ತ ನಡೆದು ಬಂದಳು. ತೂಬು ಎತ್ತಿದಳು. ನೀರು ಮಡಿಯ ಕಡೆಗೆ ತಿರುಗಿತು. ಲವೆಲ್ ದೂರದಲ್ಲಿ, ಗೋಪುರದ ಕಾಲಿಗೆ ಬೆನ್ನು ಕೊಟ್ಟು, ಟೋಪಿ ತೆಗೆದು ನಿಂತಿದ್ದ. ಅವಳ ಮುಖದಲ್ಲಿ ಏನಾದರೂ ಕಾಣುತ್ತದೆಯೇ ಎಂದು ನಾನು ನೋಡಿದೆ. ಅವಳು ಇಲಿಯ ಬಿಲವೊಂದಕ್ಕೆ ಮಣ್ಣು ಮೆಟ್ಟುತ್ತಿದ್ದಳು.

ವರದಿಗಾರ ಇನ್ನೂ ಹತ್ತಿರ ಹೋಗಿ, ಪುಸ್ತಕ ತೆರೆದು, ಇಷ್ಟು ವರ್ಷ ಹೋರಾಡಿ ತರಿಸಿಕೊಂಡ ಈ ನೀರನ್ನು ಕಂಡ ಕೂಡಲೇ, ಇದು ಕಂಪನಿಯ ಕರೆಂಟಿನದಲ್ಲ, ಜನತೆಯದೇ ಕರೆಂಟಿನಿಂದ ಮೇಲೆ ಬಂದ ನೀರು ಎಂದು ನಿಮಗೆ ಅನಿಸಿತೇ ಎಂದು ಕೇಳಿದ.

"ನೀರು ಬಂತು ಅನ್ನಿಸ್ತು," ಎಂದಳು ಥೋರಕ್ಕ. "ಕಾಲು ತೆಗಿಯಪ್ಪ, ಅಡ್ಡ ನಿಂತಿದೀಯ."